ಸಾಲಿ ಬಿಟ್ಟ ಮೇಲಿನ ಮೂರು ತಾಸು

ಹಳೇ ಹುಬ್ಬಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗಳು ಬಿಡುವುದು ಸಂಜೆ ನಾಲ್ಕು ದಾಟಿದ ಮೇಲೆ. ಆ ಮಕ್ಕಳ ತಾಯಂದಿರಲ್ಲಿ ಬಹಳ ಮಂದಿ ಮನೆ ಮುಟ್ಟುವುದು ಏಳರ ಮೇಲೆ. ದಾಜಿಬಾನ ಪೇಟೆ, ದುರ್ಗದ ಬೈಲಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವರು, ವಿದ್ಯಾನಗರ ಮತ್ತು ಗೋಕುಲ ರಸ್ತೆಯ ಮನೆಗಳಲ್ಲಿ ಅಡಿಗೆ-ಮುಸುರೆ ಮಾಡುವವರು, ಆಸ್ಪತ್ರೆಯ ಆಯಾಗಳು, ಖಡಕ್ ರೊಟ್ಟಿ ಬಡಿಯುವವರು, ತಾರಿಹಾಳದ ಕಾರ್ಖಾನೆಗಳಿಗೆ ಹೋಗುವವರು ಎಲ್ಲರ ಲೆಕ್ಕವೂ ಹೆಚ್ಚುಕಡಿಮೆ ಇದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು, ದೂರದ ಕೆಲಸವೂ ಕೈಗೆಟುಕಿತು. ಮನೆಗೆ ತಿರುಗಿ ಬರುವ ಹೊತ್ತು ಮಾತ್ರ ಬೇಗ ಆಗಲಿಲ್ಲ. ನಡುವಿನ ಮೂರು ತಾಸು ಆರರಿಂದ ಹತ್ತು ವರ್ಷದ ಮಗು ಎಲ್ಲಿರುತ್ತದೆ? ಇಂಡಿ ಪಂಪಿನ ಆಸುಪಾಸಿರಲಿ, ನೇಕಾರ ನಗರವಿರಲಿ, ಆನಂದ ನಗರವಿರಲಿ, ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಟ್ಯೂಷನ್ನಿಗೆ ಹಾಕೇವ್ರಿ.’ ಓಣಿಗೊಂದು, ಕೆಲವು ಕಡೆ ಓಣಿಗೆ ಎರಡರಂತೆ ಇರುವ ಈ ಮನೆ-ಟ್ಯೂಷನ್ನುಗಳೇ ಇಂದು ಈ ಊರಿನ ಸಣ್ಣ ಮಕ್ಕಳ ಸಂಜೆಯ ಪಾಲನಾ ಕೇಂದ್ರಗಳು. ಆದರೆ ಪಾಲಕರಾಗಲಿ, ಶಾಲೆಯವರಾಗಲಿ, ಮಹಾನಗರ ಪಾಲಿಕೆಯಾಗಲಿ ಅವನ್ನು ಆ ಕಣ್ಣಿನಿಂದ ನೋಡಿಲ್ಲ. ಹೋಮ್‌ವರ್ಕ್ ಮುಗಿಯಿತೇ ಎಂದು ಕೇಳುತ್ತೇವೆ. ಮಗುವನ್ನು ಹೇಗೆ ನೋಡಿಕೊಂಡರು ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು, ಮತ್ತು ಅದರ ಉತ್ತರಕ್ಕೆ ತಗಲುವ ಖರ್ಚಿನಲ್ಲಿ ಸಾರ್ವಜನಿಕ ಹಣವೂ ಸೇರಬೇಕು ಎಂಬುದು ನನ್ನ ವಾದ.

ನಮ್ಮ ಕಾಯ್ದೆಗಳಿಗೆ ಮಗುವಿನ ಸಂಜೆ ಕಾಣಿಸುವುದೇ ಇಲ್ಲ. ಆರು ವರ್ಷದೊಳಗಿನ ಮಗುವಿಗೆ ಕಾಗದದ ಮೇಲಾದರೂ ಏನೋ ಇದೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಶಿಶುಗೃಹದ ಮಾತಿದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಗೃಹ ಇರಲೇಬೇಕು ಎಂದಿತು. ಅಂಗನವಾಡಿ ಸಂಜೆ ನಾಲ್ಕರವರೆಗೆ ನಡೆಯುತ್ತದೆ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆಂದು ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಇತ್ತ ದೊಡ್ಡ ಮಕ್ಕಳ ಕಡೆಗೆ ಬಂದರೆ, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದಿತು. ಆದರೆ ಆ ಮಾರ್ಗಸೂಚಿಯ ಲೆಕ್ಕದಲ್ಲಿ ಕೋಚಿಂಗ್ ಕೇಂದ್ರ ಅನ್ನಿಸಿಕೊಳ್ಳಬೇಕಾದರೆ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬೇಕು. ನಮ್ಮ ರಾಜ್ಯದಲ್ಲಿ ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಗೆ 2001ರ ನಿಯಮಗಳಿವೆ, ನಿಜ. ಓಣಿಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದ ಒಂದನೇ ಇಯತ್ತೆಯ ಮಗುವನ್ನು ನೆನೆದು ಬರೆದವಲ್ಲ ಅವು. ಆಟದ ಶಾಲೆಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕೊಟ್ಟ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಜೊತೆಗೊಬ್ಬ ಆಯಾ ಬೇಕು ಎನ್ನುತ್ತದೆ. ಅಂದರೆ ಐದು ವರ್ಷದ ಮಗುವಿನ ಮೇಲೆ ನಾಲ್ಕು ಕಣ್ಣು. ಅದೇ ಮಗು ಆರು ತುಂಬಿ ಏಳಕ್ಕೆ ಕಾಲಿಟ್ಟಿತೋ, ಸಾಲಿ ಬಿಟ್ಟ ಮೇಲೆ ಅದನ್ನು ಎಷ್ಟು ಮಂದಿ ನೋಡಿಕೊಳ್ಳಬೇಕು ಎಂದು ಹೇಳುವವರು ಯಾರೂ ಇಲ್ಲ.

ಹೇಳುವವರಿಲ್ಲದಾಗ ಏನಾಗುತ್ತದೆ ಎಂದು ತಿಳಿಯಲು ಅಂಥದೊಂದು ಪಡಸಾಲೆಯ ಒಳಗೆ ಕಣ್ಣಾಡಿಸಬೇಕು. ಹತ್ತು-ಹನ್ನೆರಡು ಅಡಿಯ ಕೋಣೆ. ಎರಡು ಡಜನ್ ಮಕ್ಕಳು, ಗೋಡೆಗೆ ಪೇರಿಸಿದ ಪಾಟಿಚೀಲಗಳು, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ; ಅದರಿಂದ ಎರಡು ಮಾರು ದೂರದಲ್ಲಿ ಆಟೊ, ಬೈಕು. ಒಂದನೇ ಇಯತ್ತೆಯವರೂ ಏಳನೇ ಇಯತ್ತೆಯವರೂ ಅದೇ ಚಾಪೆಯ ಮೇಲೆ. ಪಾಠ ಹೇಳುವ ಅಕ್ಕೋರು ಒಬ್ಬರೇ. ನಡುನಡುವೆ ಒಳಗೆ ಹೋಗಿ ಕುಕ್ಕರಿನ ಸೀಟಿ ಎಣಿಸಿ ಬರಬೇಕು. ಆಗ ಕೋಣೆಯ ಯಜಮಾನಿಕೆ ಏಳನೇ ಇಯತ್ತೆಯ ಹುಡುಗನದು. ಮಗು ‘ಅಕ್ಕೋರ, ಒಂದಕ್ಕ’ ಎಂದು ಕಿರುಬೆರಳು ಎತ್ತಿದರೆ ಹೋಗಬೇಕಾದ್ದು ಆ ಮನೆಯವರ ಪಾಯಖಾನೆಗೆ. ಅಲ್ಲಿ ಮನೆಯ ಗಂಡಸರಿರುತ್ತಾರೆ, ಒಳಗಿನ ಕೋಣೆ ದಾಟಬೇಕು. ಮಗುವಿಗೆ ಸಂಕೋಚ, ಮನೆಯವರಿಗೆ ಕಿರಿಕಿರಿ. ಹೀಗಾಗಿ ಬಹಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತಡೆದುಕೊಂಡು ಕೂರುವುದನ್ನು ಕಲಿಯುತ್ತಾರೆ. ನೀರು ಕುಡಿಯದಿರುವುದನ್ನೂ ಕಲಿಯುತ್ತಾರೆ. ಇನ್ನು ಹೊಟ್ಟೆಯ ಮಾತು. ಶಾಲೆಯಲ್ಲಿ ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಈ ವಿಷಯದಲ್ಲಿ ಸರ್ಕಾರವನ್ನು ಮೆಚ್ಚಲೇಬೇಕು. ಆದರೆ ಒಂದೂವರೆ-ಎರಡಕ್ಕೆ ಉಂಡ ಮಗುವಿಗೆ ಮುಂದಿನ ತುತ್ತು ತಾಯಿ ಬಂದು ಒಲೆ ಹೊತ್ತಿಸಿದ ಮೇಲೆ, ಎಂಟರ ಸುಮಾರಿಗೆ. ನಡುವೆ ಐದು ರೂಪಾಯಿಯ ಕುರ್ಕುರೆ ಪೊಟ್ಟಣ. ಹಸಿದ ಮಗುವಿನ ತಲೆಗೆ ಭಾಗಾಕಾರ ಹತ್ತದಿದ್ದರೆ ಅದನ್ನು ದಡ್ಡ ಎನ್ನುತ್ತೇವೆ.

ಇದನ್ನು ಅಕ್ಕೋರ ಮೇಲಿನ ದೂರು ಎಂದು ಓದಬಾರದು. ಅವರೂ ಹೆಚ್ಚಿನಂಶ ಅದೇ ಓಣಿಯ ಹೆಣ್ಣುಮಕ್ಕಳೇ. ಪಿಯುಸಿಯನ್ನೋ ಡಿಗ್ರಿಯನ್ನೋ ಮುಗಿಸಿ, ಹೊರಗೆ ಕೆಲಸಕ್ಕೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಗದೆ, ಮಗುವಿಗೆ ತಿಂಗಳಿಗೆ ಇಷ್ಟು ಎಂದು ಇಸಿದುಕೊಂಡು ಸಂಸಾರದ ಭಾರಕ್ಕೆ ಹೆಗಲು ಕೊಟ್ಟವರು. ಪಾಲಕರು ಅವರಿಗೆ ಹಣ ಕೊಡುವುದು ಪಾಠಕ್ಕೆ. ಅವರಿಂದ ಪಡೆಯುವುದು ಪಾಠದ ಜೊತೆಗೆ ಮೂರು ತಾಸಿನ ಕಾವಲು, ಸಮಾಧಾನ, ಜ್ವರ ಬಂದರೆ ಫೋನು, ತಾಯಿ ಬರುವುದು ತಡವಾದರೆ ಕಾಯುವಿಕೆ. ಈ ಎರಡನೆಯ ಕೆಲಸಕ್ಕೆ ಯಾರೂ ಅವರಿಗೆ ತರಬೇತಿ ಕೊಟ್ಟಿಲ್ಲ, ಅದಕ್ಕೆಂದು ದುಡ್ಡೂ ಕೊಟ್ಟಿಲ್ಲ. ಕೇಳದೆ ಇದ್ದದ್ದು ಸಿಗದಿದ್ದರೆ ಕೊಡದವರನ್ನು ಬೈಯುವುದು ಸಲ್ಲದು.

‘ಮಗು ನಾಲ್ಕಕ್ಷರ ಕಲಿತರೆ ಸಾಕು, ಉಳಿದದ್ದು ಆಮೇಲೆ’ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳೇ ಹುಬ್ಬಳ್ಳಿಯ ಮನೆಗಳಲ್ಲಿ ಉರ್ದು ಇದೆ, ಮರಾಠಿ ಇದೆ, ಸಾವಜಿ ಮನೆಗಳಿಗೆ ಅವರದೇ ಮನೆಮಾತಿದೆ, ಧಾರವಾಡದ ಕನ್ನಡವಂತೂ ಇದ್ದೇ ಇದೆ. ಮಗುವನ್ನು ಸಾಲ ಮಾಡಿ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ತಾಯಿಗೆ ಆ ಪುಸ್ತಕ ಓದಲು ಬರುವುದಿಲ್ಲ. ಡೈರಿಯಲ್ಲಿ ಬರೆದದ್ದನ್ನು ಬಿಡಿಸಿ ಹೇಳುವವರು ಬೇಕು, ಅದಕ್ಕೇ ಟ್ಯೂಷನ್. ಈ ಅಗತ್ಯ ನಿಜವಾದದ್ದು. ಆದರೆ ಎಷ್ಟು ಹೊತ್ತಿನ ಅಗತ್ಯ? 2020ರ ರಾಷ್ಟ್ರೀಯ ಶಾಲಾಚೀಲ ನೀತಿಯ ಪ್ರಕಾರ ಎರಡನೇ ಇಯತ್ತೆಯವರೆಗೆ ಹೋಮ್‌ವರ್ಕ್ ಕೊಡಲೇಬಾರದು. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ತಾಸು. ವಾರಕ್ಕೆ, ದಿನಕ್ಕಲ್ಲ. ನಮ್ಮ ಟ್ಯೂಷನ್ನುಗಳಲ್ಲಿ ಒಂದನೇ ಇಯತ್ತೆಯ ಮಗು ದಿನಕ್ಕೆ ಎರಡು ತಾಸಿಗೂ ಹೆಚ್ಚು ಕಾಪಿ ತಿದ್ದುತ್ತದೆ. ಸರ್ಕಾರಿ ಶಾಲೆಯಲ್ಲಿ ಹಗಲು ನಲಿ-ಕಲಿಯ ಕಾರ್ಡು, ಗುಂಪು, ಹಾಡು. ಸಂಜೆ ಅದೇ ಮಗು ಬೆನ್ನು ಬಗ್ಗಿಸಿ ಹನ್ನೆರಡರ ಮಗ್ಗಿಯನ್ನು ಹತ್ತು ಸಲ ಬರೆಯುತ್ತದೆ. ಇದು ಕಲಿಕೆಗಾಗಿ ಅಲ್ಲ, ಮಗುವನ್ನು ಕೂತಲ್ಲಿ ಕೂರಿಸಲು ಬೇರೆ ಉಪಾಯವಿಲ್ಲದ್ದಕ್ಕೆ. ಆಟಕ್ಕೆ ಬಿಟ್ಟರೆ ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಬರೆಯಲು ಕೊಟ್ಟರೆ ಒಬ್ಬರೇ ಸಾಕು.

ಹೆಚ್ಚು ಹೊತ್ತು ಕೂರಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಪುರಾವೆಯೂ ಗಟ್ಟಿಯಾಗಿಲ್ಲ. 2010ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಅವಲೋಕನವೊಂದು, ಮಕ್ಕಳ ವ್ಯಕ್ತಿತ್ವ ಮತ್ತು ಸಾಮಾಜಿಕ ಕೌಶಲ ಬೆಳೆಸಲು ಹೊರಟ 68 ಸಂಜೆಯ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹಂತಹಂತವಾಗಿ ಕಲಿಸುವ, ಮಕ್ಕಳ ಕೈಯಿಂದ ಮಾಡಿಸುವ, ಗುರಿ ಸ್ಪಷ್ಟವಿದ್ದ ಕಡೆ ಮಕ್ಕಳ ನಡವಳಿಕೆ, ಆತ್ಮವಿಶ್ವಾಸ, ಅಂಕಗಳು ಕೂಡ ಸುಧಾರಿಸಿದ್ದವು. ಆ ಗುಣಗಳಿಲ್ಲದ ಕಡೆ ಹೇಳಿಕೊಳ್ಳುವಂಥ ಫಲ ಇರಲಿಲ್ಲ. ಹುಬ್ಬಳ್ಳಿಯ ಓಣಿಗೂ ಅಮೆರಿಕಕ್ಕೂ ಅಜಗಜಾಂತರ ಎಂದು ಹೇಳಬಹುದು, ಹೇಳಲೂಬೇಕು. ಆದರೂ ಸಂಜೆ ಮಗುವನ್ನು ಎಲ್ಲೋ ಒಂದು ಕಡೆ ಇರಿಸುವುದೇ ಲಾಭವಲ್ಲ, ಅಲ್ಲಿ ಏನು ನಡೆಯುತ್ತದೆ ಎಂಬುದೇ ಮುಖ್ಯ ಎಂಬಷ್ಟನ್ನಾದರೂ ಅದರಿಂದ ತೆಗೆದುಕೊಳ್ಳಬಹುದು. ನಮ್ಮಲ್ಲಿ ಅದನ್ನು ತಿಳಿಯುವ ಪ್ರಯತ್ನ ಕಡಿಮೆ. 2025ರಲ್ಲಿ ಪ್ರಕಟವಾದ ಕೇಂದ್ರದ ಶಿಕ್ಷಣ ಸಮೀಕ್ಷೆ, ನಗರಗಳ ವಿದ್ಯಾರ್ಥಿಗಳಲ್ಲಿ ಶೇ 30.7, ಹಳ್ಳಿಗಳಲ್ಲಿ ಶೇ 25.5ರಷ್ಟು ಮಂದಿ ಹಣ ಕೊಟ್ಟು ಹೊರಗೆ ಪಾಠ ಹೇಳಿಸಿಕೊಳ್ಳುತ್ತಾರೆ ಎಂದು ಲೆಕ್ಕ ಕೊಟ್ಟಿತು. ಖರ್ಚಿನ ಲೆಕ್ಕ ಅದರಲ್ಲಿದೆ. ಪಾಲನೆಯ ಲೆಕ್ಕ ಇಲ್ಲ.

ಹಾಗಾದರೆ ಒಳ್ಳೆಯ ಪಾಲನೆಯನ್ನು ಯಾವುದರಿಂದ ಅಳೆಯುವುದು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಬರುವುದು ಎರಡನೆಯ ದೊಡ್ಡವರು. ಒಂದು ಮಗು ಬಿದ್ದು ಮಂಡಿ ಒಡೆದುಕೊಂಡರೆ ಅದನ್ನು ಎತ್ತಿಕೊಂಡವರು ಉಳಿದ ಮಕ್ಕಳ ಕಡೆ ಬೆನ್ನು ಹಾಕಲೇಬೇಕಾಗುತ್ತದೆ. ಇಬ್ಬರಿದ್ದರೆ ಒಬ್ಬರು ಮಕ್ಕಳನ್ನು ಅರ್ಧ ತಾಸು ಅಂಗಳಕ್ಕೆ ಬಿಡಬಹುದು, ಒಬ್ಬರು ಪಾಯಖಾನೆಯ ಬಾಗಿಲ ಬಳಿ ಇರಬಹುದು, ಒಬ್ಬರು ತಪ್ಪು ಮಾಡಿದರೆ ಇನ್ನೊಬ್ಬರ ಕಣ್ಣಿರುತ್ತದೆ. ಜಪಾನಿನಲ್ಲಿ ಶಾಲೆ ಬಿಟ್ಟ ಮೇಲಿನ ಮಕ್ಕಳ ಕೇಂದ್ರಗಳಿಗೆ 2015ರಲ್ಲಿ ಜಾರಿಗೆ ಬಂದ ಮಾನದಂಡ ಹೇಳುವುದೂ ಇದನ್ನೇ: ಸುಮಾರು 40 ಮಕ್ಕಳ ಒಂದು ಗುಂಪಿಗೆ ಕನಿಷ್ಠ ಇಬ್ಬರು, ಪ್ರತಿ ಮಗುವಿಗೆ 1.65 ಚದರ ಮೀಟರ್ ಜಾಗ. ಆ ಅಳತೆ ಹಿಡಿದರೆ ನಮ್ಮ ಹತ್ತು-ಹನ್ನೆರಡು ಅಡಿಯ ಪಡಸಾಲೆಗೆ ಆರೇಳು ಮಕ್ಕಳು ಸಾಕು. ಜಪಾನಿನ ಜಾಗದ ಅಳತೆ ಇಲ್ಲಿ ನಡೆಯುವುದಿಲ್ಲ, ಒಪ್ಪಿದೆ. ಇಬ್ಬರು ಇರಬೇಕೆಂಬ ಮಾತು ಯಾಕೆ ನಡೆಯಬಾರದು? ಉಳಿದದ್ದು ದೊಡ್ಡ ವಿದ್ಯೆಯೇನಲ್ಲ. ಕುಡಿಯುವ ನೀರು, ಚಿಲಕವಿರುವ ಪಾಯಖಾನೆ, ಚುನಮರಿಯೋ ಅವಲಕ್ಕಿಯೋ ಒಂದು ಹಿಡಿ ತಿಂಡಿ, ದಿನಕ್ಕಿಷ್ಟು ಆಟ, ಯಾವ ಮಗುವನ್ನು ಯಾರು ಕರೆದೊಯ್ಯಬಹುದು ಎಂದು ಹೆಸರು-ಫೋನ್ ನಂಬರು ಬರೆದಿಟ್ಟ ಒಂದು ವಹಿ. ಈ ಕೊನೆಯದು ಸಣ್ಣದೆನಿಸಬಹುದು. ಆದರೆ ‘ನಾನು ಅವನ ಮಾಮಾ’ ಎಂದು ಹೇಳಿ ಬಂದವನ ಜೊತೆ ಮಗುವನ್ನು ಕಳಿಸಬೇಕೋ ಬೇಡವೋ ಎಂಬುದನ್ನು ಅಕ್ಕೋರು ಇಂದು ತಮ್ಮ ಧೈರ್ಯದ ಮೇಲೆ ತೀರ್ಮಾನಿಸಬೇಕಾಗಿದೆ.

ಹೊಡೆತದ ಮಾತನ್ನೂ ಇಲ್ಲೇ ಆಡಿಬಿಡೋಣ. ಶಾಲೆಯಲ್ಲಿ ಮಗುವಿನ ಮೇಲೆ ಕೈ ಎತ್ತುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಟ್ಯೂಷನ್ ಶಾಲೆಯಲ್ಲವಲ್ಲ ಎಂದುಕೊಂಡವರು ಬಾಲನ್ಯಾಯ ಕಾಯ್ದೆಯ 75ನೇ ಕಲಂ ನೋಡಬೇಕು. ಮಗುವಿನ ಹೊಣೆ ಹೊತ್ತ ಯಾರೇ ಕ್ರೌರ್ಯ ತೋರಿದರೂ ಅದು ಅಪರಾಧ. 2020ರ ಪೋಕ್ಸೊ ನಿಯಮಗಳು ಶಾಲೆ, ಶಿಶುಗೃಹಗಳಂಥ, ಮಕ್ಕಳು ನಿತ್ಯ ಬರುವ ಸಂಸ್ಥೆಗಳ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು ಎನ್ನುತ್ತವೆ. ಓಣಿಯ ಟ್ಯೂಷನ್ನಿನಲ್ಲಿ ಅಂಥ ಪರಿಶೀಲನೆಯ ಮಾತು ಯಾರೂ ಎತ್ತುವುದಿಲ್ಲ. ಪಾಲಕರಲ್ಲೇ ಎಷ್ಟೋ ಮಂದಿ ‘ಎರಡು ಏಟು ಕೊಡ್ರಿ ಅಕ್ಕೋರ, ಮಾತು ಕೇಳಂಗಿಲ್ಲ’ ಎಂದು ಹೇಳಿಯೇ ಮಗುವನ್ನು ಬಿಟ್ಟುಹೋಗುತ್ತಾರೆ. 1098 ಎಂಬ ಮಕ್ಕಳ ಸಹಾಯವಾಣಿಯ ನಂಬರನ್ನು ಶಾಲೆಯ ಗೋಡೆಯ ಮೇಲೆ ಬರೆಸಿದ್ದೇವೆ; ಪಡಸಾಲೆಯ ಗೋಡೆಗೆ ಅದು ಇನ್ನೂ ಬಂದಿಲ್ಲ.

ಮಕ್ಕಳನ್ನು ನೋಡಿಕೊಳ್ಳುವುದು ಮನೆಯವರ ಕೆಲಸ, ಅಜ್ಜಿ-ಆಯಿ, ಅಕ್ಕಪಕ್ಕದವರು ಇದ್ದಾರಲ್ಲ, ಇದರಲ್ಲಿ ಸರ್ಕಾರಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಹಳೇ ಹುಬ್ಬಳ್ಳಿಯಲ್ಲಿ ಓಣಿ ಎಂಬುದು ಇನ್ನೂ ಜೀವಂತ. ಕಟ್ಟೆಯ ಮೇಲೆ ಕುಳಿತ ಮುದುಕಿ ಹತ್ತು ಮನೆಯ ಮಕ್ಕಳ ಮೇಲೆ ಕಣ್ಣಿಡುವುದು ಈಗಲೂ ಉಂಟು, ಅದನ್ನು ಅಲ್ಲಗಳೆಯಲಾರೆ. ಆದರೆ ಬಾಡಿಗೆಗೆ ಬಂದ ಸಂಸಾರಗಳಿಗೆ ಆ ಕಟ್ಟೆ ದೊರಕುವುದಿಲ್ಲ. ಅಜ್ಜಿಯರಲ್ಲಿ ಅನೇಕರು ತಾವೇ ಇನ್ನೂ ದುಡಿಯುತ್ತಿದ್ದಾರೆ. ಮನೆಯವರೇ ನೋಡಿಕೊಳ್ಳಲಿ ಎಂಬ ಮಾತಿನ ಭಾರ ಕೊನೆಗೆ ಬೀಳುವುದು ಹನ್ನೊಂದು-ಹನ್ನೆರಡು ವರ್ಷದ ಅಕ್ಕನ ಮೇಲೆ. ತಮ್ಮನನ್ನು ಶಾಲೆಯಿಂದ ಕರೆತರುವವಳು, ಅವನಿಗೆ ತಿನ್ನಲು ಕೊಡುವವಳು, ಅವನು ಓಣಿಯಲ್ಲಿ ಆಡುವಾಗ ಬಾಗಿಲಲ್ಲಿ ನಿಲ್ಲುವವಳು ಅವಳೇ. ಅವಳ ಆಟ, ಅವಳ ಓದು, ಶಾಲೆಯ ಸಂಜೆಯ ವಿಶೇಷ ತರಗತಿ ಎಲ್ಲವೂ ಈ ಮೂರು ತಾಸಿಗೆ ಖರ್ಚಾಗುತ್ತದೆ. ಮನೆಯೊಳಗಿನ ಪಾಲನೆ ಬಿಟ್ಟಿ ಎಂದು ನಾವು ಭಾವಿಸಿದ್ದೇವೆ. ಅದರ ಬಿಲ್ಲು ಹುಡುಗಿಯೊಬ್ಬಳ ಹೆಸರಿಗೆ ಹೋಗುತ್ತದೆ, ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಿಯಮ ಬಂತೆಂದರೆ ಇನ್‌ಸ್ಪೆಕ್ಟರ್ ಬಂದ, ಇನ್‌ಸ್ಪೆಕ್ಟರ್ ಬಂದರೆ ಲಂಚ ಬಂತು, ಬಡ ಅಕ್ಕೋರು ಬಾಗಿಲು ಹಾಕಿದರು, ಮಕ್ಕಳು ಬೀದಿಗೆ ಬಿದ್ದರು. ಈ ಭಯ ಸುಳ್ಳಲ್ಲ. ಅದಕ್ಕೆ ಲೈಸೆನ್ಸು ಬೇಡ, ಶುಲ್ಕ ಬೇಡ, ದಂಡ ಬೇಡ. ವಾರ್ಡಿನ ಮಟ್ಟದಲ್ಲಿ ಒಂದು ಹಾಳೆಯ ಸ್ವಯಂ ಘೋಷಣೆ ಸಾಕು: ಎಷ್ಟು ಮಕ್ಕಳು, ಎಷ್ಟು ಮಂದಿ ದೊಡ್ಡವರು, ನೀರು-ಪಾಯಖಾನೆ ಇದೆಯೇ, ವಹಿ ಇದೆಯೇ. ಹಾಗೆ ಬರೆದುಕೊಟ್ಟವರಿಗೆ ಪಾಲಿಕೆ ಬರೀ ಸರ್ಟಿಫಿಕೇಟು ಕೊಡದೆ ಸಹಾಯಕಿಯ ಸಂಬಳ ಮತ್ತು ತಿಂಡಿಯ ಖರ್ಚು ಕೊಡಬೇಕು. ಹಣದ ಆಸೆಗೆ ಬರುವವರು ನಿಯಮದ ಭಯಕ್ಕೆ ಬರುವವರಿಗಿಂತ ಹೆಚ್ಚು, ಮತ್ತು ಕೊಟ್ಟ ಹಣದ ಲೆಕ್ಕ ಕೇಳುವ ಹಕ್ಕು ಓಣಿಯ ತಾಯಂದಿರಿಗೇ ಇರಲಿ. ಪೊಲೀಸ್ ಪರಿಶೀಲನೆಯೊಂದನ್ನು ಮಾತ್ರ ಐಚ್ಛಿಕ ಮಾಡಲಾಗದು.

ಹಣ ಎಲ್ಲಿಂದ ಎಂದರೆ, ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. 25 ಮಕ್ಕಳ ಒಂದು ಕೇಂದ್ರ. ಅಕ್ಕೋರಿಗೆ ತಿಂಗಳಿಗೆ 8,000, ಸಹಾಯಕಿಗೆ 6,000 ರೂಪಾಯಿ, ದಿನಕ್ಕೆ ತಲೆಗೆ 8 ರೂಪಾಯಿಯಂತೆ 25 ದಿನದ ತಿಂಡಿಗೆ 5,000, ಕರೆಂಟು-ಫಿನೈಲು-ಬಣ್ಣದ ಕಡ್ಡಿಗಳಿಗೆ 1,000. ಒಟ್ಟು 20,000. ಪಾಲಕರು ಮಗುವಿಗೆ 200 ರೂಪಾಯಿ ಕೊಟ್ಟರೆ 5,000 ಬಂತು. ಉಳಿದದ್ದು 15,000, ವರ್ಷಕ್ಕೆ 1.80 ಲಕ್ಷ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ 82 ವಾರ್ಡುಗಳಿಗೆ ಒಂದೊಂದರಂತೆ ತೆರೆದರೂ ಒಂದೂವರೆ ಕೋಟಿ ಮುಟ್ಟುವುದಿಲ್ಲ. ಒಂದು ವಾರ್ಡಿಗೆ ಒಂದು ಕೇಂದ್ರ ಎಲ್ಲಿಗೂ ಸಾಲದು, ಗೊತ್ತು. ಅವಳಿ ನಗರ ಇದನ್ನು ಮಾಡಲಾಗದಷ್ಟು ಬಡವಾಗಿಲ್ಲ ಎಂದು ತೋರಿಸಲು ಈ ಲೆಕ್ಕ. ಜಾಗಕ್ಕಂತೂ ಬಾಡಿಗೆ ಕೊಡಬೇಕಾಗಿಲ್ಲ. ಶಾಲೆಯ ಕೋಣೆಗಳು, ಅಂಗಳ, ನಲ್ಲಿ, ಹುಡುಗಿಯರ ಪಾಯಖಾನೆ ಎಲ್ಲವೂ ನಾಲ್ಕೂವರೆಗೆ ಬೀಗ ಹಾಕಿಕೊಂಡು ಕತ್ತಲಾಗುವವರೆಗೆ ಖಾಲಿ ಇರುತ್ತವೆ. ಶಿಕ್ಷಕರಿಗೆ ಈ ಹೊರೆ ಹೊರಿಸಬಾರದು. ಸ್ತ್ರೀಶಕ್ತಿ ಸಂಘಗಳಿಗೆ ಬೀಗದ ಕೈ ಕೊಟ್ಟು, ಇದೇ ಓಣಿಗಳ ಅಕ್ಕೋರನ್ನೇ ಅಲ್ಲಿ ಕೂರಿಸಬಹುದು. ಹಳ್ಳಿಗಳಲ್ಲಿ ಇದರ ಹತ್ತಿರದ ಪ್ರಯೋಗ ಆಗಲೇ ಆಗಿದೆ: 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಹಳ್ಳಿಯ ಮಗುವಿಗೆ ಸಂಜೆ ಕೂರಲು ಸರ್ಕಾರದ ಒಂದು ಕೋಣೆ ಇದೆ ಎಂದಾಯಿತು. ಹುಬ್ಬಳ್ಳಿಯಂಥ ಊರಿನ ಮಗುವಿಗೆ ಏಕಿಲ್ಲ ಎಂಬ ಪ್ರಶ್ನೆಯನ್ನು ಪಾಲಿಕೆ ಸದಸ್ಯರು ಸಾಮಾನ್ಯ ಸಭೆಯಲ್ಲಿ ಎತ್ತಬಹುದು.

ಹಾಗೆ ಎತ್ತುವವರು ಶನಿವಾರವನ್ನು ಮರೆಯಬಾರದು. ಅಂದು ಬೆಳಗಿನ ಶಾಲೆ, ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮನೆಗೆ. ಬಟ್ಟೆ ಅಂಗಡಿಗೆ ಮಾತ್ರ ಶನಿವಾರ ಎಲ್ಲಕ್ಕಿಂತ ದೊಡ್ಡ ವ್ಯಾಪಾರದ ದಿನ. ದಸರಾ ರಜೆಯಲ್ಲಿ ಅಂಗಡಿಗೆ ಹಬ್ಬದ ಗಿರಾಕಿ, ಏಪ್ರಿಲ್-ಮೇಯಲ್ಲಿ ಲಗ್ನದ ಗಿರಾಕಿ. ತಾಯಿಗೆ ಕೆಲಸ ಹೆಚ್ಚಿರುವ ದಿನಗಳಲ್ಲೇ ಶಾಲೆ ಮುಚ್ಚಿರುತ್ತದೆ, ಅದನ್ನೇ ನೋಡಿಕೊಂಡು ಟ್ಯೂಷನ್ನೂ ಮುಚ್ಚುತ್ತದೆ. ಸಂಜೆಯ ಕೇಂದ್ರದ ವೇಳಾಪಟ್ಟಿ ಬರೆಯುವಾಗ ಶಿಕ್ಷಣ ಇಲಾಖೆಯ ಕ್ಯಾಲೆಂಡರ್ ಪಕ್ಕಕ್ಕಿಟ್ಟು ದಾಜಿಬಾನ ಪೇಟೆಯ ಅಂಗಡಿಗಳು ಯಾವಾಗ ತೆರೆದು ಯಾವಾಗ ಬಾಗಿಲು ಹಾಕುತ್ತವೆ ಎಂದು ಮೊದಲು ಕೇಳಿಕೊಂಡು ಬರಬೇಕು.